ಮೇಲೇಳುವ ಮಂಚ, ಬಾಗುವ ಹಾಸಿಗೆ: ಆಯ್ಕೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ರಾತ್ರಿ ಮಲಗಿದ ಮೇಲೆ ಎದೆಯುರಿ, ಹುಳಿತೇಗು ಜಾಸ್ತಿ. ಎರಡೂ ಮೊಣಕಾಲು ಸವೆದಿವೆ, ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ತಂದೆಗೆ 73. ಆರೋಗ್ಯ ಚೆನ್ನಾಗಿದೆ, ಆದರೆ ಗೊರಕೆ ವಿಪರೀತ. ಇಬ್ಬರೂ 6 ವರ್ಷ ಹಳೆಯ ಒಂದೇ ಸ್ಪ್ರಿಂಗ್ ಹಾಸಿಗೆಯ ಮೇಲೆ ಮಲಗುತ್ತಾರೆ. ರಿಮೋಟ್ ಒತ್ತಿದರೆ ತಲೆಭಾಗ, ಕಾಲುಭಾಗ ಮೇಲೇಳುವ ಅಡ್ಜಸ್ಟಬಲ್ ಬೆಡ್ ಕೊಡಿಸೋಣ ಎಂದುಕೊಂಡಿದ್ದೇನೆ. ಮಾರುವವರು ‘ಯಾವ ಹಾಸಿಗೆ ಹಾಕಿದರೂ ನಡೆಯುತ್ತದೆ’ ಎನ್ನುತ್ತಾರೆ. ನಿಜವೇ? ಹಳೆಯದನ್ನೇ ಮುಂದುವರಿಸಬಹುದೇ? ಹೊಸದು ತೆಗೆದುಕೊಳ್ಳುವುದಾದರೆ ಮೆಮೊರಿ ಫೋಮ್ ಒಳ್ಳೆಯದೋ, ಲೇಟೆಕ್ಸ್ ಒಳ್ಳೆಯದೋ? ಹಾಸಿಗೆಯ ಕೆಳಗಿರುವ ಮೇಲೇಳುವ ಚೌಕಟ್ಟಿನಲ್ಲಿ, ಅಂದರೆ ಬೇಸ್‌ನಲ್ಲಿ, ಏನು ನೋಡಿ ಕೊಳ್ಳಬೇಕು?

ಉತ್ತರ: ಯಾವ ಹಾಸಿಗೆ ಹಾಕಿದರೂ ನಡೆಯುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಅಡ್ಜಸ್ಟಬಲ್ ಬೆಡ್ ತಂದ ಮೇಲೆ ಬೆನ್ನುನೋವು ಜಾಸ್ತಿಯಾಯಿತು ಎಂದು ಬರುವವರಲ್ಲಿ ಬಹಳಷ್ಟು ಸಲ ಬೇಸ್ ಸರಿಯಾಗಿಯೇ ಇರುತ್ತದೆ. ಅದರ ಮೇಲಿನ ಹಾಸಿಗೆ ಬಾಗದೆ ಸೊಂಟದ ಹತ್ತಿರ ಸೇತುವೆಯಂತೆ ನಿಂತುಬಿಟ್ಟಿರುತ್ತದೆ. ನಿಮ್ಮ ಹಳೆಯ ಸ್ಪ್ರಿಂಗ್ ಹಾಸಿಗೆ ಬಹುಶಃ ಇದಕ್ಕೆ ಆಗುವುದಿಲ್ಲ. ಮನೆಯಲ್ಲೇ ಅದನ್ನು ಪರೀಕ್ಷಿಸುವ ಬಗೆಯನ್ನು ಮುಂದೆ ಹೇಳುತ್ತೇನೆ. ಇನ್ನು ಮೆಮೊರಿ ಫೋಮೋ ಲೇಟೆಕ್ಸೋ ಎಂಬುದು ಮೂರನೆಯ ಪ್ರಶ್ನೆ. ಮೊದಲನೆಯದು, ಯಾರಿಗೆ ಯಾವ ಭಂಗಿ ಬೇಕು ಎಂಬುದು. ಎರಡನೆಯದು, ಹಾಸಿಗೆಯ ದಪ್ಪ ಎಷ್ಟು, ಒಳಗಿನ ಕಟ್ಟು ಎಂಥದ್ದು ಎಂಬುದು. ಹೆಚ್ಚಿನವರು ಬೇಸ್ ಆರಿಸಿ, ಉಳಿದ ದುಡ್ಡಿನಲ್ಲಿ ಹಾಸಿಗೆ ನೋಡುತ್ತಾರೆ. ನೀವು ಇದನ್ನು ತಿರುವುಮುರುವು ಮಾಡಿ. ಮೊದಲು ಮೈ, ಆಮೇಲೆ ಹಾಸಿಗೆ, ಕೊನೆಗೆ ಬೇಸ್.

ತಾಯಿಯವರಿಂದಲೇ ಶುರು ಮಾಡೋಣ. ಎದೆಯುರಿಗೆ ತಲೆಭಾಗ ಎತ್ತುವುದು ವೈದ್ಯರು ಬಹುಕಾಲದಿಂದ ಹೇಳುತ್ತಾ ಬಂದಿರುವ ಉಪಾಯ. ಅನ್ನನಾಳ ಹೊಟ್ಟೆಗಿಂತ ಮೇಲಿದ್ದರೆ ಆಮ್ಲ ಹಿಂದಕ್ಕೆ ಹರಿಯುವುದು ಕಡಿಮೆಯಾಗುತ್ತದೆ, ಹರಿದರೂ ಬೇಗ ಕೆಳಗಿಳಿಯುತ್ತದೆ. ಸಾಮಾನ್ಯವಾಗಿ ಸೂಚಿಸುವ ಎತ್ತರ 15ರಿಂದ 20 ಸೆಂ.ಮೀ. ಬೇಸ್‌ನ ತಲೆಭಾಗದ ಹಲಗೆ 75 ಸೆಂ.ಮೀ. ಉದ್ದವಿದೆ ಎಂದಿಟ್ಟುಕೊಳ್ಳಿ. ಅದನ್ನು 15 ಡಿಗ್ರಿ ಎತ್ತಿದರೆ ಸಾಕು, ತುದಿ 19 ಸೆಂ.ಮೀ. ಮೇಲೇಳುತ್ತದೆ. ಅಂದರೆ ರಾತ್ರಿಯಿಡೀ ಬೇಕಾಗಿರುವುದು ಕಣ್ಣಿಗೆ ಅಷ್ಟಾಗಿ ಕಾಣದ ಒಂದು ಇಳಿಜಾರು ಅಷ್ಟೇ. ಮೋಟಾರ್ ಇದೆಯಲ್ಲ ಎಂದು 45 ಅಥವಾ 60 ಡಿಗ್ರಿಗೆ ಎತ್ತಿಕೊಂಡು ಮಲಗಿದರೆ ಮೈ ಹೊಟ್ಟೆಯಲ್ಲೇ ಮಡಚಿಕೊಳ್ಳುತ್ತದೆ. ಹೊಟ್ಟೆಯ ಮೇಲೆ ಒತ್ತಡ ಬಿದ್ದು ಎದೆಯುರಿ ಇನ್ನೂ ಕೆಣಕಬಹುದು. ಎರಡು ಮೂರು ದಿಂಬು ಪೇರಿಸಿ ಮಲಗಿದಾಗ ಆಗುವ ತೊಂದರೆಯೂ ಇದೇ: ಕತ್ತು ಮಾತ್ರ ಮೇಲೇಳುತ್ತದೆ, ಎದೆ ಎದ್ದಿರುವುದಿಲ್ಲ. ಕಡಿಮೆ ಕೋನದಲ್ಲಿ ಮಲಗಿದರೆ ಇನ್ನೊಂದು ಅನುಕೂಲವೂ ಇದೆ. ಎಡಮಗ್ಗುಲಿಗೆ ತಿರುಗಿ ಮಲಗಬಹುದು, ಅದು ಎದೆಯುರಿಗೆ ಒಳ್ಳೆಯದು. ಕಡಿದಾಗಿ ಎತ್ತಿದ ಮಂಚದ ಮೇಲೆ ಮಗ್ಗುಲಾಗಿ ಮಲಗಿದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತದೆ.

ಪಾದದ ಊತಕ್ಕೆ ಬೇಕಾಗುವುದು ಇದಕ್ಕೆ ವಿರುದ್ಧವಾದ ಭಂಗಿ. ಊತ ಇಳಿಯಬೇಕಾದರೆ ಪಾದ ಹೃದಯಕ್ಕಿಂತ ಎತ್ತರದಲ್ಲಿರಬೇಕು. ತಲೆಯನ್ನೂ ಎದೆಯನ್ನೂ ಎತ್ತಿಕೊಂಡಾಗ ಹೃದಯವೂ ಮೇಲೇರುತ್ತದೆ, ಕಾಲನ್ನು ಎಷ್ಟೇ ಎತ್ತಿದರೂ ಅದು ಅಷ್ಟಕ್ಕಷ್ಟೇ. ಎರಡೂ ತುದಿ ಎದ್ದ ಜಾಹೀರಾತಿನ ಚಿತ್ರ ನೋಡಿ, ಎರಡು ಸಮಸ್ಯೆಗೂ ಒಂದೇ ಬಟನ್ ಎಂದು ಜನ ತಿಳಿಯುತ್ತಾರೆ. ಹೊತ್ತು ಹಂಚಿಕೊಳ್ಳುವುದು ಜಾಣತನ. ಮಧ್ಯಾಹ್ನವೋ ಸಂಜೆಯೋ, ಹೊಟ್ಟೆ ಖಾಲಿ ಇರುವಾಗ, ತಲೆಭಾಗ ಸಮತಟ್ಟಾಗಿಟ್ಟು ಕಾಲುಭಾಗ ಎತ್ತಿ ಅರ್ಧ ಗಂಟೆ ಮಲಗಲಿ. ರಾತ್ರಿ ಊಟವಾಗಿ ಎರಡು ಮೂರು ಗಂಟೆ ಕಳೆದ ಮೇಲೆ ತಲೆಭಾಗ ಸ್ವಲ್ಪ ಎತ್ತಿ ನಿದ್ದೆ ಮಾಡಲಿ. ಆದರೆ ಇದಕ್ಕೆಲ್ಲ ಮೊದಲು ಊತ ಯಾಕೆ ಬರುತ್ತಿದೆ ಎಂದು ವೈದ್ಯರಿಂದ ತಿಳಿದುಕೊಳ್ಳಲೇಬೇಕು. ಹೃದಯದ ದುರ್ಬಲತೆ ಇರುವವರಿಗೆ, ಕಾಲಿನ ಅಪಧಮನಿ ಕಟ್ಟಿಕೊಂಡವರಿಗೆ ಕಾಲು ಎತ್ತಿ ಮಲಗುವುದು ತೊಂದರೆ ಕೊಡಬಹುದು. ಒಂದೇ ಕಾಲು ದಿಢೀರನೆ ಊದಿ ನೋಯುತ್ತಿದ್ದರೆ, ಅಥವಾ ಚಪ್ಪಟೆ ಮಲಗಿದರೆ ಉಸಿರು ಕಟ್ಟಿದಂತಾಗುವುದು ಹೊಸದಾಗಿ ಶುರುವಾಗಿದ್ದರೆ, ಮಂಚ ಹುಡುಕುವ ಸಮಯ ಅದಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮೊಣಕಾಲಿನ ವಿಷಯದಲ್ಲೂ ಒಂದು ಎಚ್ಚರಿಕೆ. ಮೊಣಕಾಲ ಕೆಳಗೆ ಹಾಸಿಗೆ ಉಬ್ಬಿಸಿಕೊಂಡು ಮಲಗಿದರೆ ಸವೆದ ಕೀಲಿಗೆ ಆ ಕ್ಷಣಕ್ಕೆ ಬಹಳ ಹಿತ. ಆದರೆ ರಾತ್ರಿಯಿಡೀ, ದಿನವೂ ಹಾಗೇ ಮಲಗಿದರೆ ಕಾಲು ಪೂರ್ತಿ ನೇರವಾಗುವ ಶಕ್ತಿ ಕುಂದುತ್ತಾ ಬರುತ್ತದೆ. ಮುಂದೆ ಅವರಿಗೆ ಮೊಣಕಾಲ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಆದರೆ, ಮೊಣಕಾಲು ಬಾಗಿಸಿಟ್ಟು ಮಲಗಬೇಡಿ ಎಂದೇ ಹೇಳುತ್ತಾರೆ. ಸೊಂಟದ ಕೀಲು ಬದಲಿಸಿದವರಲ್ಲಿ ಅನೇಕರಿಗೆ ಕೆಲ ವಾರ 90 ಡಿಗ್ರಿಗಿಂತ ಹೆಚ್ಚು ಬಾಗಬಾರದೆಂಬ ನಿಯಮ ಹಾಕಿರುತ್ತಾರೆ. ತಲೆಭಾಗ 60 ಡಿಗ್ರಿ ಎದ್ದು, ತೊಡೆಭಾಗ 30 ಡಿಗ್ರಿ ಎದ್ದರೆ ಲೆಕ್ಕ ಅಲ್ಲಿಗೆ ಮುಟ್ಟಿಯೇಬಿಡುತ್ತದೆ.

ಹಾಗೆಂದು ಮೊಣಕಾಲ ಬಟನ್ ಬೇಡವೆಂದಲ್ಲ. ಅದರ ನಿಜವಾದ ಉಪಯೋಗ ಮೈ ಜಾರದಂತೆ ತಡೆಯುವುದರಲ್ಲಿದೆ. ತಲೆಭಾಗ ಮಾತ್ರ ಎತ್ತಿದಾಗ ಮೈ ಮೆಲ್ಲಗೆ ಕೆಳಗೆ ಜಾರುತ್ತದೆ. ಚರ್ಮ ಬಟ್ಟೆಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಒಳಗಿನ ಮೂಳೆ ಕೆಳಗೆ ಸರಿಯುತ್ತದೆ. ಬೆನ್ನಿನ ಬುಡದ ಆ ಎಳೆತವೇ ಹಾಸಿಗೆ ಹುಣ್ಣಿಗೆ ದಾರಿ. ಅದಕ್ಕಾಗಿಯೇ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇರುವವರಿಗೆ ತಲೆಭಾಗವನ್ನು ಸಾಧ್ಯವಾದಷ್ಟು 30 ಡಿಗ್ರಿಯೊಳಗೆ ಇಡುತ್ತಾರೆ. ಕ್ರಮ ಹೀಗಿರಲಿ: ಮೊದಲು ಮೊಣಕಾಲ ಭಾಗವನ್ನು ಸ್ವಲ್ಪ ಎತ್ತಿ, ಆಮೇಲೆ ತಲೆಭಾಗ ಎತ್ತಿ, ಬೇಕಾದ ಕೋನ ಸಿಕ್ಕಿದ ಮೇಲೆ ಮೊಣಕಾಲ ಭಾಗ ನಿಧಾನ ಇಳಿಸಿ. ಜೊತೆಗೆ, ಎತ್ತುವ ಮುಂಚೆ ಸೊಂಟದ ಕೀಲು ಬೇಸ್ ಮಡಚುವ ಜಾಗಕ್ಕೆ ಸರಿಯಾಗಿ ಬಂದಿದೆಯೇ ಎಂದು ನೋಡಿಕೊಳ್ಳಬೇಕು. ಗಿಡ್ಡ ಮೈಕಟ್ಟಿನವರು ಹಾಸಿಗೆಯ ನಡುವಿಗೆ ಜಾರಿ ಮಲಗಿದ್ದರೆ ಬೇಸ್ ಅವರ ಸೊಂಟದ ಬದಲು ಬೆನ್ನನ್ನೇ ಮಡಚುತ್ತದೆ. ತಾಯಿಯವರನ್ನು ಅಂಗಡಿಗೆ ಕರೆದುಕೊಂಡು ಹೋಗಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ತಂದೆಯವರ ಗೊರಕೆ ತಲೆಭಾಗವನ್ನು ಸ್ವಲ್ಪ ಎತ್ತಿದರೆ ಕಡಿಮೆಯಾಗಬಹುದು. ಬೆನ್ನ ಮೇಲೆ ಚಪ್ಪಟೆ ಮಲಗಿದಾಗ ನಾಲಿಗೆಯ ಬುಡ, ಗಂಟಲಿನ ಸಡಿಲ ಭಾಗ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಇಕ್ಕಟ್ಟಾಗುತ್ತದೆ, ಎತ್ತಿದರೆ ಆ ಒತ್ತಡ ತಗ್ಗುತ್ತದೆ. ಆದರೆ ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಏದುಸಿರು ಬಿಟ್ಟಂತೆ ಎದ್ದೇಳುತ್ತಾರೆಯೇ, ಹಗಲು ಕೂತಲ್ಲೇ ತೂಕಡಿಸುತ್ತಾರೆಯೇ ಎಂದು ತಾಯಿಯವರನ್ನು ಕೇಳಿ. ಹೌದಾದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಅದಕ್ಕೆ ನಿದ್ರೆಯ ಪರೀಕ್ಷೆ ಆಗಬೇಕು, ಮಂಚ ಅದಕ್ಕೆ ಚಿಕಿತ್ಸೆಯಲ್ಲ.

ಈಗ ನೋಡಿ, ಇಬ್ಬರ ಅಗತ್ಯ ಬೇರೆ ಬೇರೆ. ತಾಯಿ ಸಂಜೆ ಕಾಲೆತ್ತಿ ಮಲಗುತ್ತಾರೆ, ತಂದೆಗೆ ಅದು ಬೇಕಿಲ್ಲ. ಒಬ್ಬರು ರಾತ್ರಿ ಎದ್ದು ಮಂಚ ಸರಿಮಾಡಿದರೆ ಇನ್ನೊಬ್ಬರ ನಿದ್ದೆಯೂ ಕೆಡುತ್ತದೆ. ಆದ್ದರಿಂದ ನಿಮಗೆ ಬೇಕಿರುವುದು ಎರಡು ಸಿಂಗಲ್ ಬೇಸ್ ಪಕ್ಕಪಕ್ಕ ಜೋಡಿಸಿ, ಮೇಲೆ ಎರಡು ಪ್ರತ್ಯೇಕ ಹಾಸಿಗೆ ಹಾಕುವ ಸ್ಪ್ಲಿಟ್ ವ್ಯವಸ್ಥೆ. ನಡುವೆ ಒಂದು ಸಂದು ಉಳಿಯುತ್ತದೆ ಎಂಬುದು ನಿಜ. ಆದರೆ ಒಂದು ದೊಡ್ಡ ಲಾಭವೂ ಇದೆ: ಇಬ್ಬರೂ ಒಂದೇ ಬಗೆಯ ಹಾಸಿಗೆಗೆ ಒಗ್ಗಬೇಕಾಗಿಲ್ಲ. ಎರಡರ ಎತ್ತರ ಮಾತ್ರ ಒಂದೇ ಇರಲಿ. ತಲೆಭಾಗ ಮಾತ್ರ ಸೀಳಿ, ಕೆಳಗೆ ಒಂದೇ ಆಗಿರುವ ಹಾಸಿಗೆಗಳೂ ಸಿಗುತ್ತವೆ. ಕಾಲುಭಾಗ ಇಬ್ಬರಿಗೂ ಒಟ್ಟಿಗೇ ಏಳುವುದರಿಂದ ನಿಮ್ಮ ಮನೆಗೆ ಅದು ಹೊಂದುವುದಿಲ್ಲ.

ಇನ್ನು ಹಾಸಿಗೆ. ತಲೆಭಾಗ ಏಳುವಾಗ ಹಾಸಿಗೆಯ ತಳ ಬೇಸ್‌ಗೆ ಅಂಟಿಕೊಂಡಿರಬೇಕು, ಅದರ ಉದ್ದ ಹೆಚ್ಚು ಬದಲಾಗುವುದಿಲ್ಲ. ಸೊಂಟದ ಹತ್ತಿರ ಮೇಲ್ಮೈ ಮಾತ್ರ ಒಳಬಾಗಿ ಕುಗ್ಗಬೇಕು. ಎಷ್ಟು ಕುಗ್ಗಬೇಕು? ಹಾಸಿಗೆಯ ದಪ್ಪವನ್ನು ಬಾಗಿದ ಕೋನದಿಂದ ಗುಣಿಸಿದರೆ ಸಿಗುತ್ತದೆ, ಕೋನ ರೇಡಿಯನ್‌ನಲ್ಲಿರಬೇಕು ಅಷ್ಟೇ (ಡಿಗ್ರಿಯನ್ನು ಸುಮಾರು 57ರಿಂದ ಭಾಗಿಸಿದರೆ ರೇಡಿಯನ್). 20 ಸೆಂ.ಮೀ. ದಪ್ಪದ ಹಾಸಿಗೆ 60 ಡಿಗ್ರಿ ಬಾಗಿದರೆ ಮೇಲ್ಮೈ ಸುಮಾರು 21 ಸೆಂ.ಮೀ. ಕುಗ್ಗಬೇಕು. 30 ಸೆಂ.ಮೀ. ದಪ್ಪದ್ದಾದರೆ 31 ಸೆಂ.ಮೀ. ಇದು ಕಾಗದದ ಮೇಲಿನ ಲೆಕ್ಕ. ನಿಜದಲ್ಲಿ ತಳ ಸ್ವಲ್ಪ ಹಿಗ್ಗಿ, ಹಾಸಿಗೆ ಸ್ವಲ್ಪ ಸರಿದು ಹೊಂದಿಕೊಳ್ಳುತ್ತದೆ. ಆದರೂ ವಿಷಯ ಸ್ಪಷ್ಟ. ಸುಮಾರು ಒಂದು ಗೇಣು ಉದ್ದದ ಹಾಸಿಗೆ ತನ್ನೊಳಗೇ ಅಡಗಬೇಕು. ಮೊಣಕಾಲ ಹತ್ತಿರ ಇದಕ್ಕೆ ತದ್ವಿರುದ್ಧ: ಅಲ್ಲಿ ಮೇಲ್ಮೈ ಹೊರಬಾಗಿ ಹಿಗ್ಗಬೇಕು. ಒಂದೇ ಹಾಸಿಗೆ ಎರಡು ಅಡಿ ಅಂತರದಲ್ಲಿ ಒಮ್ಮೆ ಕುಗ್ಗಬೇಕು, ಒಮ್ಮೆ ಹಿಗ್ಗಬೇಕು. ಇದಕ್ಕೆ ಒಪ್ಪದ ಹಾಸಿಗೆ ಸೊಂಟದ ಬಳಿ ಬೇಸ್ ಬಿಟ್ಟು ಮೇಲೇಳುತ್ತದೆ. ಕೆಳಗೆ ಟೊಳ್ಳು ಉಳಿಯುತ್ತದೆ, ಕೆಳಬೆನ್ನಿಗೆ ಆಧಾರ ತಪ್ಪುತ್ತದೆ.

ದಪ್ಪ ಹೆಚ್ಚಿದಷ್ಟೂ ಐಷಾರಾಮಿ ಎಂಬ ಭಾವನೆಯನ್ನು ಇಲ್ಲಿ ಬಿಡಬೇಕು. ನನ್ನ ಪ್ರಕಾರ ಹೆಚ್ಚಿನ ದೊಡ್ಡವರಿಗೆ 20ರಿಂದ 25 ಸೆಂ.ಮೀ. ಸರಿಯಾದ ದಪ್ಪ. 15 ಸೆಂ.ಮೀ.ಗಿಂತ ತೆಳುವಾದರೆ ತೂಕದವರಿಗೆ ಬೇಸ್‌ನ ಕೀಲುಗಳು ಒತ್ತುತ್ತವೆ. 30 ಸೆಂ.ಮೀ. ದಾಟಿದರೆ ಎಷ್ಟೇ ಒಳ್ಳೆಯ ವಸ್ತುವಾದರೂ ಬಾಗುವುದಕ್ಕೆ ಹೆಣಗುತ್ತದೆ.

ನಿಮ್ಮ ಹಳೆಯ ಸ್ಪ್ರಿಂಗ್ ಹಾಸಿಗೆಗೆ ಬರೋಣ. ಸ್ಪ್ರಿಂಗ್ ಹಾಸಿಗೆಯಲ್ಲಿ ಎರಡು ಮುಖ್ಯ ಜಾತಿ. ಬಾನೆಲ್ ಎನ್ನುವುದರಲ್ಲಿ ನಡು ಸಣ್ಣಗಿರುವ ಸ್ಪ್ರಿಂಗ್‌ಗಳನ್ನು ಸುರುಳಿ ತಂತಿಯಿಂದ ಒಂದಕ್ಕೊಂದು ಹೆಣೆದು, ಸುತ್ತ ಅಂಚಿಗೆ ದಪ್ಪ ಉಕ್ಕಿನ ಸರಳು ಕಟ್ಟಿರುತ್ತಾರೆ. ಇಡೀ ಜಾಲ ಒಂದೇ ಚೌಕಟ್ಟಿನಂತೆ ವರ್ತಿಸುತ್ತದೆ. ಬಲವಂತವಾಗಿ ಬಾಗಿಸುತ್ತಾ ಹೋದರೆ ಅಂಚಿನ ಸರಳು ಸೊಟ್ಟಗಾಗುತ್ತದೆ, ಹೆಣಿಗೆ ಬಿಟ್ಟುಕೊಳ್ಳುತ್ತದೆ, ತಂತಿಯ ತುದಿ ಬಟ್ಟೆ ಹರಿದು ಹೊರಬರುವುದೂ ಉಂಟು. ಪಾಕೆಟ್ ಸ್ಪ್ರಿಂಗ್ ಬೇರೆಯೇ. 1900ರ ಸುಮಾರಿಗೆ ಜೇಮ್ಸ್ ಮಾರ್ಷಲ್ ಪೇಟೆಂಟ್ ಪಡೆದ ವಿನ್ಯಾಸ ಅದು. ಒಂದೊಂದು ಸ್ಪ್ರಿಂಗೂ ತನ್ನದೇ ಬಟ್ಟೆಯ ಚೀಲದಲ್ಲಿರುವುದರಿಂದ ಸಾಲು ಸಾಲಾಗಿ ಬಾಗುತ್ತದೆ. ಆದರೆ ಪಾಕೆಟ್ ಸ್ಪ್ರಿಂಗ್ ಎಂಬ ಹೆಸರು ಕಂಡೊಡನೆ ಒಪ್ಪಬೇಡಿ, ಕೆಲವಕ್ಕೆ ಅಂಚಿನಲ್ಲಿ ಸರಳು ಹಾಕಿರುತ್ತಾರೆ. ಅಂಚಿಗೆ ಫೋಮ್ ಕಟ್ಟಿರುವುದನ್ನೇ ಆರಿಸಬೇಕು.

ಮನೆಯಲ್ಲಿ ಹೀಗೆ ಪರೀಕ್ಷೆ ಮಾಡಿ. ಹಾಸಿಗೆಯ ಬರಿ ಅಂಚನ್ನು ಬೆರಳಲ್ಲಿ ಹಿಸುಕಿ, ಉದ್ದಕ್ಕೂ ಒಂದು ಗಟ್ಟಿ ಸರಳು ಕೈಗೆ ಸಿಗುತ್ತದೆಯೇ ನೋಡಿ. ಆಮೇಲೆ ಒಬ್ಬರು ಹಾಸಿಗೆಯ ನಡುಭಾಗದಲ್ಲಿ ಕೂರಲಿ, ಇನ್ನೊಬ್ಬರು ತಲೆಯ ತುದಿಯನ್ನು ಮೊಣಕಾಲೆತ್ತರಕ್ಕೆ ಎತ್ತಲಿ. ಎತ್ತಿದ ಭಾಗ ಮಾತ್ರ ಬಾಗಿ ಬಂದರೆ ಆಸೆಯಿದೆ. ಕೂತವರ ಕೆಳಗಿನ ಹಾಸಿಗೆಯೂ ಅಲುಗಿ ಏಳಲು ನೋಡಿದರೆ, ಒಳಗಿನಿಂದ ಕಿರುಗುಟ್ಟಿದರೆ, ಅದನ್ನು ಅಡ್ಜಸ್ಟಬಲ್ ಬೇಸ್ ಮೇಲೆ ಹಾಕಬೇಡಿ. ಒಂದು ವೇಳೆ ಬಾಗಿದರೂ ನಿಮ್ಮದು ಇಬ್ಬರಿಗೆ ಸೇರಿದ ಒಂದೇ ಹಾಸಿಗೆ, ಸ್ಪ್ಲಿಟ್ ಬೇಸ್‌ಗೆ ಬರುವುದೇ ಇಲ್ಲ. ಮತ್ತೊಂದು ಕೋಣೆಯಲ್ಲಿ ಸಮತಟ್ಟು ಮಂಚದ ಮೇಲೆ ಅದು ಇನ್ನೂ ಕೆಲಸಕ್ಕೆ ಬರಲಿ.

ರಬ್ಬರ್ ಬೆರೆಸಿದ ತೆಂಗಿನ ನಾರಿನ ಹಾಸಿಗೆ ಗಟ್ಟಿಯಾಗಿ ಬೆನ್ನಿಗೆ ಒಳ್ಳೆಯದೆಂದು ಇಷ್ಟಪಡುವವರಿದ್ದಾರೆ. ಸಮತಟ್ಟು ಮಂಚದ ಮೇಲೆ ಅದಕ್ಕೆ ಅದರದೇ ಗುಣವಿದೆ. ಇಲ್ಲಿ ಮಾತ್ರ ಬೇಡ, ದಿನಕ್ಕೆ ನಾಲ್ಕು ಸಲ ಒಂದೇ ಗೆರೆಯಲ್ಲಿ ಮಡಚಿದರೆ ನಾರು ಆ ಗೆರೆಯಲ್ಲೇ ಪುಡಿಯಾಗಿ ಉದುರುತ್ತದೆ. ಹತ್ತಿಯ ಹಾಸಿಗೆಯೂ ಬೇಡ, ಹತ್ತಿ ಕೆಳಗೆ ಸರಿದು ಗಂಟುಕಟ್ಟುತ್ತದೆ.

ಮೆಮೊರಿ ಫೋಮ್ 1966ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ, ವಿಮಾನದ ಆಸನಗಳನ್ನು ಸುರಕ್ಷಿತವಾಗಿಸುವ ಕೆಲಸದಲ್ಲಿ ಹುಟ್ಟಿದ ವಸ್ತು. ಮೈ ಬಿಸಿಗೂ ಒತ್ತಡಕ್ಕೂ ನಿಧಾನ ಕರಗಿದಂತೆ ಇಳಿದು, ಬಿಟ್ಟಾಗ ನಿಧಾನ ಮೇಲೇಳುತ್ತದೆ. ಬಾಗುವ ವಿಷಯದಲ್ಲಿ ಇದನ್ನು ಮೀರಿಸುವುದು ಕಷ್ಟ. ಬೇಸ್ ಹೇಗೆ ಮಡಚಿದರೂ ಹಾಗೆ ಒರಗಿಕೊಳ್ಳುತ್ತದೆ, ಹಿಂದಕ್ಕೆ ತಳ್ಳುವುದಿಲ್ಲ. ಭುಜ, ಸೊಂಟದ ಮೂಳೆ ಒತ್ತುವವರಿಗೆ ಹಿತ. ಆದರೆ ನಿಮ್ಮ ತಾಯಿಯ ವಿಷಯದಲ್ಲಿ ನನಗೆ ಹಿಂಜರಿಕೆ ಇದೆ. ದಪ್ಪ ಮೆಮೊರಿ ಫೋಮ್‌ನಲ್ಲಿ ಮೈ ಇಳಿದು ಗುಳಿ ಬೀಳುತ್ತದೆ. ಆ ಗುಳಿಯಿಂದ ಮಗ್ಗುಲು ಬದಲಿಸಲು, ರಾತ್ರಿ ಬಚ್ಚಲಿಗೆ ಎದ್ದು ಹೋಗಲು ಮೊಣಕೈ ಊರಿ, ಕಾಲು ಒದ್ದು ಎದ್ದೇಳಬೇಕು. ಮೊಣಕಾಲು ನೋವಿರುವವರಿಗೆ ಇದು ಪ್ರತಿ ರಾತ್ರಿಯ ಶ್ರಮ. ಬಿಸಿ ಹಿಡಿದಿಡುವ ಗುಣವೂ ಇದೆ. ಹವೆ ತಣ್ಣಗಿದ್ದಾಗ ಮೊದಲ ಕೆಲ ನಿಮಿಷ ಗಟ್ಟಿಯಾಗಿಯೂ ಇರುತ್ತದೆ. ಕೊಳ್ಳುವುದಾದರೆ ಮೇಲ್ಪದರದಲ್ಲಿ ಮಾತ್ರ, 4ರಿಂದ 5 ಸೆಂ.ಮೀ. ಇರಲಿ. ಸಾಂದ್ರತೆ ಪ್ರತಿ ಘನಮೀಟರಿಗೆ 50 ಕೆ.ಜಿ. ಅಥವಾ ಮೇಲಿದ್ದರೆ ಬಾಳಿಕೆ ಚೆನ್ನಾಗಿರುತ್ತದೆ.

ಲೇಟೆಕ್ಸ್, ಅಂದರೆ ರಬ್ಬರ್ ಫೋಮ್‌ನ ಸ್ವಭಾವ ಇದಕ್ಕೆ ವಿರುದ್ಧ. ಒತ್ತಿದ ತಕ್ಷಣ ಇಳಿಯುತ್ತದೆ, ಬಿಟ್ಟ ತಕ್ಷಣ ಪುಟಿಯುತ್ತದೆ. ಮೈ ಮೇಲ್ಗಡೆಯೇ ಉಳಿಯುವುದರಿಂದ ಹೊರಳುವುದು, ಏಳುವುದು ಸುಲಭ. ಸಾವಿರ ಸಲ ಬಾಗಿಸಿದರೂ ಗೆರೆ ಉಳಿಯುವುದು ಅಪರೂಪ. ರಂಧ್ರಗಳಿರುವುದರಿಂದ ಗಾಳಿಯಾಡುತ್ತದೆ. ಡನ್‌ಲಪ್ ವಿಧಾನದಲ್ಲಿ ಮಾಡಿದ್ದು ಸ್ವಲ್ಪ ಗಟ್ಟಿ, ಅಚ್ಚಿನೊಳಗೆ ನಿರ್ವಾತ ಮಾಡಿ ಹೆಪ್ಪುಗಟ್ಟಿಸುವ ಟಾಲಲೇ ವಿಧಾನದ್ದು ಮೆದು. ತೊಂದರೆ ಎರಡು. ಒಂದು, ಪುಟಿಯುವ ಗುಣವೇ ಬಾಗಿಸಿದಾಗ ತಿರುಗಿ ನೇರವಾಗಲು ನೋಡುತ್ತದೆ. ದಪ್ಪ, ಗಟ್ಟಿ ಲೇಟೆಕ್ಸ್ ಮೇಲೆ ತೆಳ್ಳಗಿನವರು ಮಲಗಿದ್ದರೆ ಸೊಂಟದ ಬಳಿ ಹಾಸಿಗೆ ಬೇಸ್‌ನಿಂದ ಮೇಲೇಳುತ್ತದೆ. ಎರಡು, ಭಾರ. ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದ, 20 ಸೆಂ.ಮೀ. ದಪ್ಪದ ಪೂರ್ತಿ ಲೇಟೆಕ್ಸ್ ಹಾಸಿಗೆಯನ್ನು ಘನಮೀಟರಿಗೆ 80 ಕೆ.ಜಿ. ಸಾಂದ್ರತೆಯಂತೆ ಲೆಕ್ಕ ಹಾಕಿದರೆ 48 ಕೆ.ಜಿ. ಬರುತ್ತದೆ. ಬೇಸ್‌ನ ಮೋಟಾರ್ ಇದನ್ನೂ ಎತ್ತಬೇಕು, ಮಲಗಿದವರನ್ನೂ ಎತ್ತಬೇಕು. ರಬ್ಬರ್ ಕೈಗವಸು, ಬಲೂನು ಮುಟ್ಟಿದರೆ ತುರಿಕೆ ಬರುವವರು ಮನೆಯಲ್ಲಿದ್ದರೆ ಲೇಟೆಕ್ಸ್ ವಿಚಾರವನ್ನೇ ಬಿಡಿ.

ಹಾಗಾಗಿ ತಾಯಿಯವರಿಗೆ ನಾನು ಆರಿಸುವುದಾದರೆ, ಕೆಳಗೆ 14–15 ಸೆಂ.ಮೀ. ಎಚ್‌ಆರ್ ಫೋಮ್, ಅಂದರೆ ಹೈ ರೆಸಿಲಿಯೆನ್ಸ್ ಪಾಲಿಯುರೆಥೇನ್, ಅದರ ಮೇಲೆ 5ರಿಂದ 6 ಸೆಂ.ಮೀ. ಮೆದು ಲೇಟೆಕ್ಸ್. ಎಚ್‌ಆರ್ ಫೋಮ್‌ನ ಹೆಸರು ಜಾಹೀರಾತಿನಲ್ಲಿ ಮಿಂಚುವುದಿಲ್ಲ, ಆದರೆ ಸಾಂದ್ರತೆ 35ರಿಂದ 40 ಇದ್ದರೆ ಅದು ಚೆನ್ನಾಗಿ ಬಾಗುತ್ತದೆ, ಹಗುರ, ಬೇಗ ಸೊರಗುವುದಿಲ್ಲ. ಈ ಜೋಡಿಯಲ್ಲಿ ಹೊರಳುವ ಸುಲಭವೂ ಇದೆ, ಬಾಗುವ ಗುಣವೂ ಇದೆ. ತಂದೆಯವರಿಗೆ ಸ್ಪ್ರಿಂಗ್‌ನ ಅಭ್ಯಾಸ ಬಿಡದಿದ್ದರೆ ಅಂಚಿಗೆ ಫೋಮ್ ಇರುವ, ಅಷ್ಟೇ ಎತ್ತರದ ಪಾಕೆಟ್ ಸ್ಪ್ರಿಂಗ್ ಹೈಬ್ರಿಡ್, ಅಂದರೆ ಸ್ಪ್ರಿಂಗ್ ಮೇಲೆ ಫೋಮ್ ಪದರವಿರುವ ಹಾಸಿಗೆ ಹಾಕಿಸಿ. ಪದರಗಳು ಒಂದಕ್ಕೊಂದು ಅಂಟಿಸಿದವೇ ಎಂದು ಕೇಳಿ. ಸುಮ್ಮನೆ ಜಿಪ್ ಕವರಿನೊಳಗೆ ಪೇರಿಸಿಟ್ಟ ಪದರಗಳು ಎತ್ತಿ ಇಳಿಸುತ್ತಿದ್ದಂತೆ ಸರಿದಾಡುತ್ತವೆ.

ಜನ ಮರೆಯುವ ಸಂಗತಿ ಕವರ್. ಒಳಗೆ ಎಷ್ಟೇ ಒಳ್ಳೆಯ ಫೋಮ್ ಇರಲಿ, ಹಿಗ್ಗದ ದಪ್ಪ ಕ್ವಿಲ್ಟಿಂಗ್ ಬಟ್ಟೆ ಹೊದಿಸಿದ್ದರೆ ಸೊಂಟದ ಬಳಿ ಅದು ಮಡಿಕೆ ಬಿದ್ದು ಬೆನ್ನಿಗೆ ಒತ್ತುತ್ತದೆ, ಮೊಣಕಾಲ ಬಳಿ ಬಿಗಿದು ಎಳೆಯುತ್ತದೆ. ಬನಿಯನ್ ಬಟ್ಟೆಯಂತೆ ನಾಲ್ಕೂ ಕಡೆ ಹಿಗ್ಗುವ ಹೆಣೆದ ಕವರ್ ಬೇಕು. ಮೇಲಿನ ಪ್ರೊಟೆಕ್ಟರ್, ಬೆಡ್‌ಶೀಟ್ ಕೂಡ ಹಿಗ್ಗುವಂಥವೇ ಆಗಿರಲಿ, ಮೂಲೆಗಳಲ್ಲಿ ಆಳವಾದ ಎಲಾಸ್ಟಿಕ್ ಇರಲಿ. ಪ್ಲಾಸ್ಟಿಕ್‌ನ ದಪ್ಪ ಹಾಳೆ ಹಾಸಿದರೆ ಇಷ್ಟೆಲ್ಲ ಆರಿಸಿದ್ದು ವ್ಯರ್ಥ.

ಬೇಸ್‌ನ ಮೂಲ ಹೊಸದೇನಲ್ಲ. ಅಮೆರಿಕದ ಶಸ್ತ್ರವೈದ್ಯ ವಿಲ್ಲಿಸ್ ಗ್ಯಾಚ್ 1909ರಲ್ಲಿ ರೋಗಿಗಳಿಗಾಗಿ ತಲೆ ಮತ್ತು ಮೊಣಕಾಲ ಭಾಗ ಮೇಲೇಳುವ ಮಂಚ ಮಾಡಿದ್ದ. ಇಂದಿನ ಬೇಸ್ ಅದೇ ತತ್ತ್ವ, ಹಿಡಿಕೆಯ ಜಾಗದಲ್ಲಿ ಮೋಟಾರ್. ಮೋಟಾರು ಒಂದು ತಿರುಪು ಸರಳನ್ನು ತಿರುಗಿಸಿ ಹಲಗೆಯನ್ನು ತಳ್ಳುತ್ತದೆ. ತಲೆಗೊಂದು, ಕಾಲಿಗೊಂದು, ಪ್ರತ್ಯೇಕ ಎರಡು ಮೋಟಾರ್ ಇರುವುದು ನಿಮಗೆ ಅಗತ್ಯ. ದಿಂಬಿನ ಓರೆ, ಸೊಂಟದ ಉಬ್ಬು, ಕೆಳಗಿನ ದೀಪ, ಮೊಬೈಲ್ ಆ್ಯಪ್ ಇವೆಲ್ಲ ಇದ್ದರೆ ಇರಲಿ, ಇವುಗಳಿಗಾಗಿ ಹಾಸಿಗೆಯ ಹಣ ಕಡಿತ ಮಾಡಬೇಡಿ. ‘ಝೀರೋ ಗ್ರಾವಿಟಿ’ ಬಟನ್ ಬಗ್ಗೆ ಬಹಳ ಹೇಳುತ್ತಾರೆ. 1973–74ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಹೋದ ಯಾನಗಳಲ್ಲಿ, ತೂಕವಿಲ್ಲದಾಗ ಮೈ ತಾನಾಗಿಯೇ ಯಾವ ಭಂಗಿಗೆ ಬರುತ್ತದೆಂದು ಗಮನಿಸಿದರು. ಮುಂಡ ಮತ್ತು ತೊಡೆಯ ನಡುವೆ ಸುಮಾರು 128 ಡಿಗ್ರಿ. ಆ ಭಂಗಿಯ ಹೆಸರನ್ನೇ ಬಟನ್‌ಗೆ ಇಟ್ಟಿದ್ದಾರೆ. ಬೆನ್ನಿಗೆ ಹಿತ ಹೌದು, ಒರಗಿ ಓದುವುದಕ್ಕೆ ಚೆನ್ನ. ರಾತ್ರಿಯಿಡೀ ಮಲಗಲೇಬೇಕಾದ ಭಂಗಿಯೇನಲ್ಲ. ಅದಕ್ಕಿಂತ ಉಪಯುಕ್ತವಾದದ್ದು ನಿಮ್ಮದೇ ಎರಡು ಭಂಗಿಗಳನ್ನು ನೆನಪಿಟ್ಟುಕೊಳ್ಳುವ ಮೆಮೊರಿ ಬಟನ್. ಒಂದಕ್ಕೆ ತಾಯಿಯ ರಾತ್ರಿಯ 15 ಡಿಗ್ರಿ, ಇನ್ನೊಂದಕ್ಕೆ ಸಂಜೆಯ ಕಾಲೆತ್ತುವ ಭಂಗಿ.

ಭಾರ ಹೊರುವ ಮಿತಿಯನ್ನು ಓದುವಾಗ ಅದರಲ್ಲಿ ಹಾಸಿಗೆಯ ತೂಕವೂ ಸೇರಿದೆಯೇ ಎಂದು ಕೇಳಿ. ಸೇರಿದ್ದರೆ ಮೈತೂಕಕ್ಕೆ ಹಾಸಿಗೆ ತೂಕ ಕೂಡಿಸಿ, ಮೇಲೆ ಸ್ವಲ್ಪ ಬಿಟ್ಟು ಲೆಕ್ಕ ಹಾಕಿ. ಮೋಟಾರಿನ ಚೀಟಿಯಲ್ಲಿ 10% ಡ್ಯೂಟಿ ಸೈಕಲ್, 2 ನಿಮಿಷ ಓಡಿದರೆ 18 ನಿಮಿಷ ಬಿಡುವು ಎಂಬಂಥ ಸಾಲು ಇರುತ್ತದೆ. ಮೊಮ್ಮಕ್ಕಳು ಆಟಕ್ಕೆಂದು ಒಂದೇ ಸಮ ಏರಿಸಿ ಇಳಿಸಿದರೆ ಮೋಟಾರ್ ಕಾದು ಕೆಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಳಿಯುವ ಹಲಗೆಯ ಕೆಳಗೆ ಮಗುವಿನ ಕೈ ಸಿಕ್ಕಿಕೊಳ್ಳಬಹುದು, ಆದ್ದರಿಂದ ರಿಮೋಟ್ ಲಾಕ್ ಇರಲೇಬೇಕು. ಮಸಾಜ್ ಕಂಪನವಿರುವ ಮಾದರಿಯಾದರೆ, ಪೇಸ್‌ಮೇಕರ್ ಹಾಕಿಸಿಕೊಂಡವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು ವೈದ್ಯರನ್ನು ಕೇಳದೆ ಬಳಸಬಾರದು.

ಎತ್ತರವನ್ನೂ ಅಳೆಯಿರಿ. ಬೇಸ್, ಅದರ ಕಾಲು, ಹಾಸಿಗೆ ಸೇರಿ ಎಷ್ಟಾಗುತ್ತದೆ ನೋಡಿ. ಅಂಚಿನಲ್ಲಿ ಕೂತಾಗ ತಾಯಿಯವರ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ಸೊಂಟ ಮೊಣಕಾಲಿಗಿಂತ ಒಂದಿಷ್ಟು ಮೇಲಿರಬೇಕು. ಆಗ ಏಳಲು ಮೊಣಕಾಲಿನ ಮೇಲೆ ಭಾರ ಕಡಿಮೆ ಬೀಳುತ್ತದೆ. ಕಾಲಿನ ಎತ್ತರ ಬದಲಿಸಬಹುದಾದ ಬೇಸ್ ಆರಿಸಿ. ಕೂತಾಗ ಹಾಸಿಗೆಯ ಅಂಚು ಕುಸಿದು ಜಾರಿಸುವಂತಿದ್ದರೆ ಆ ಹಾಸಿಗೆ ಬೇಡ. ತಲೆಭಾಗ ಎತ್ತಿದಾಗ ಪಕ್ಕದ ಮೇಜು ಹಿಂದೆ ಉಳಿದು, ನೀರಿನ ಲೋಟ, ಕನ್ನಡಕ ಕೈಗೆ ಸಿಗದಂತಾಗುತ್ತದೆ. ಎತ್ತುತ್ತಲೇ ಗೋಡೆಯ ಕಡೆಗೆ ಸರಿಯುವ ವಾಲ್ ಹಗ್ಗರ್ ಮಾದರಿ ಇದಕ್ಕೆ ಪರಿಹಾರ. ಹಣ ಹೆಚ್ಚು ಕೊಡಬಹುದಾದ ಒಂದೇ ಸೌಕರ್ಯ ಯಾವುದೆಂದರೆ ನಾನು ಇದನ್ನೇ ಹೇಳುತ್ತೇನೆ. ಕಾಲಿನ ತುದಿಯಲ್ಲಿ ಹಾಸಿಗೆ ಜಾರದಂತೆ ತಡೆಯುವ ಕಂಬಿ ಇದೆಯೇ ಎಂದೂ ನೋಡಿ.

ಅಂಗಡಿಯಲ್ಲಿ ತಾಯಿಯವರನ್ನು ಮಲಗಿಸಿ, ಅವರು ಮನೆಯಲ್ಲಿ ಬಳಸುವಂತೆ 15 ಡಿಗ್ರಿಗೆ ಎತ್ತಿ ಹದಿನೈದು ನಿಮಿಷವಾದರೂ ಬಿಡಿ. ಅವಸರ ಮಾಡುವವರ ಹತ್ತಿರ ಕೊಳ್ಳಬೇಡಿ. ಆಮೇಲೆ ತಲೆಭಾಗ 45 ಡಿಗ್ರಿಗೆ ಹೋಗಲಿ. ನೀವು ಪಕ್ಕದಲ್ಲಿ ಮಂಡಿಯೂರಿ ಕೂತು, ಹಾಸಿಗೆಗೂ ಬೇಸ್‌ಗೂ ನಡುವೆ ಸೊಂಟದ ಜಾಗದಲ್ಲಿ ಅಂಗೈ ತೂರಿಸಿ ನೋಡಿ. ಬೆರಳ ತುದಿ ಮಾತ್ರ ಹೋದರೆ ಸರಿ, ಇಡೀ ಅಂಗೈ ಸಲೀಸಾಗಿ ಒಳಗೆ ಹೋದರೆ ಆ ಹಾಸಿಗೆ ಆ ಬೇಸ್‌ಗೆ ಹೊಂದುತ್ತಿಲ್ಲ. ಇದೇ ರೀತಿ ಅವರ ಕೆಳಬೆನ್ನಿಗೂ ಹಾಸಿಗೆಗೂ ನಡುವೆ ಕೈಯಿಟ್ಟು ನೋಡಿ. ಪೂರ್ತಿ ಇಳಿಸಿದ ಮೇಲೆ ಮೇಲ್ಮೈ ಕೆಲವೇ ನಿಮಿಷದಲ್ಲಿ ಮೊದಲಿನಂತೆ ಸಮವಾಗಬೇಕು. ಅಲ್ಲಿಯ ಪ್ರದರ್ಶನದ ಹಾಸಿಗೆಯೂ ನಿಮಗೆ ಕಳಿಸುವ ಹಾಸಿಗೆಯೂ ಒಂದೇ ದಪ್ಪದ್ದೇ ಎಂಬುದನ್ನು ಖಚಿತ ಮಾಡಿಕೊಳ್ಳಿ.

ವಾರಂಟಿಯಲ್ಲಿ ಬೇಸ್‌ನ ಚೌಕಟ್ಟಿಗೆ ಒಂದು ಅವಧಿ, ಮೋಟಾರಿಗೂ ರಿಮೋಟಿಗೂ ಬೇರೆ ಅವಧಿ ಇರುವುದು ಸಾಮಾನ್ಯ. ಮೋಟಾರಿನದ್ದೇ ನಿಮಗೆ ಮುಖ್ಯ. ಹಾಸಿಗೆ ಮತ್ತು ಬೇಸ್ ಬೇರೆ ಬೇರೆ ಕಡೆ ಕೊಂಡರೆ, ಹಾಸಿಗೆ ಅಡ್ಜಸ್ಟಬಲ್ ಬೇಸ್ ಮೇಲೆ ಬಳಸಲು ಯೋಗ್ಯ ಎಂದು ಬರಹದಲ್ಲಿ ಪಡೆಯಿರಿ. ಇಲ್ಲದಿದ್ದರೆ ನಾಳೆ ಹಾಸಿಗೆ ಕುಸಿದಾಗ ಬೇಸ್‌ನಿಂದ ಹೀಗಾಯಿತು ಎಂದು ಕೈತೊಳೆದುಕೊಳ್ಳುತ್ತಾರೆ.

ಕರೆಂಟ್ ಹೋದಾಗ ಏನಾಗುತ್ತದೆ ಎಂಬುದನ್ನು ತಂದ ದಿನವೇ ಪ್ಲಗ್ ಕಿತ್ತು ನೋಡಿಬಿಡಿ. ತಿರುಪು ಸರಳಿನ ಕಾರಣ ಹಲಗೆ ದೊಪ್ಪನೆ ಬೀಳುವುದಿಲ್ಲ, ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಆದರೆ ಸಮತಟ್ಟಿಗೆ ಇಳಿಸಲು ಬ್ಯಾಟರಿ ಬೇಕು. ಕೆಲವು ಬೇಸ್‌ಗಳಲ್ಲಿ ಎರಡು 9 ವೋಲ್ಟ್ ಬ್ಯಾಟರಿಗಳ ಪೆಟ್ಟಿಗೆ ಇರುತ್ತದೆ, ಒಳಗೆ ಬ್ಯಾಟರಿ ಹಾಕಿ ಕೊಟ್ಟಿರುವುದಿಲ್ಲ. ತಂದು ಹಾಕಿ, ಆರು ತಿಂಗಳಿಗೊಮ್ಮೆ ಬದಲಿಸಿ. ರಿಮೋಟ್‌ನಲ್ಲಿ ಸಮತಟ್ಟು ಮಾಡುವ ಬಟನ್ ಯಾವುದೆಂದು ಇಬ್ಬರಿಗೂ ಕತ್ತಲೆಯಲ್ಲಿ ಬೆರಳಿಗೇ ತಿಳಿಯುವಂತೆ ಅದರ ಮೇಲೆ ಒಂದು ಚುಕ್ಕೆ ಸ್ಟಿಕ್ಕರ್ ಅಂಟಿಸಿಕೊಡಿ.